ಮೇಲಿನ ಗಳ

ಶಿವಾಚಾರದವರ ಮನೆಯ ಹುಡುಗಿಗೆ ತಾಳಿ ಕಟ್ಟಿ ಮಗ ಬಾಗಿಲಿಗೆ ಕರೆತಂದ ದಿನ, ಪುಟ್ಟಮಾದಮ್ಮ ಆರತಿ ತಟ್ಟೆ ಹುಡುಕುವುದಕ್ಕೂ ಮೊದಲು ಅಡುಗೆಮನೆಯಲ್ಲಿದ್ದ ಬಾಡಿನ ಮಡಕೆ, ಈಳಿಗೆಮಣೆ, ಸೌಟುಗಳನ್ನೆಲ್ಲ ಬಾಚಿಕೊಂಡು ಹಿತ್ತಲಿಗೆ ಓಡಿದಳು. ಅಷ್ಟು ಹೊತ್ತೂ ಗಂಡು ಹೆಣ್ಣು ಬಿಸಿಲಲ್ಲೇ ನಿಂತಿದ್ದರು. ನೋಡಲು ನೆರೆದಿದ್ದ ಹೆಂಗಸರು ಮುಸಿಮುಸಿ ನಕ್ಕರು. ನಕ್ಕರೆ ನಗಲಿ ಎಂದು ಪುಟ್ಟಮಾದಮ್ಮ ಸೆರಗಿನಲ್ಲಿ ಬೆವರೊರೆಸಿಕೊಂಡು ಬಂದು ಹುಡುಗಿಯ ಕೈ ಹಿಡಿದಳು.

“ನೋಡು ಕೂಸೆ, ನಮ್ ಮನೇಲಿ ಬಾಡು ತಿಂತರ. ಅದ ಬುಡಿಸಕ ನನ್ ಕೈಲಾಗದಿಲ್ಲ. ಆದ್ರ ನಿನ್ ತಟ್ಟಗ ಅದ್ರ ಗಾಳಿನೂ ಸೋಕದಂಗ ನೋಡ್ಕತೀನಿ. ಇದು ನನ್ ಮಾತು.”

ರಂಜಿತ ತಲೆಯಾಡಿಸಿದಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡು ಬಲಗಾಲಿಟ್ಟು ಒಳಗೆ ಬಂದಳು.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಹುಡುಗಾಟವಲ್ಲ. ಪುಟ್ಟಮಾದಮ್ಮನಿಗೆ ಊರಲ್ಲಿ ಹೆಸರಿದ್ದದ್ದೇ ಅವಳ ಹೊಗೆಯಿಂದ. ಹಿತ್ತಲಲ್ಲಿ ತಗಡು ಹೊದಿಸಿದ ಒಲೆಮನೆ, ಒಲೆಯ ಮೇಲೆ ಎರಡು ಬಿದಿರ ಗಳ. ಮಾರಿ ಹಬ್ಬದಲ್ಲಿ ಮರಿ ಕುಯ್ದರೆ ಉಂಡು ಮಿಕ್ಕ ಬಾಡನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಸಿನ ಸವರಿ ಕೆಳಗಿನ ಗಳಕ್ಕೆ ನೇತುಹಾಕುತ್ತಿದ್ದಳು. ಮೇಲಿನ ಗಳಕ್ಕೆ ಬದನೆ, ಹಾಗಲ, ಮೆಣಸಿನಕಾಯಿಯ ಸರಗಳು. ಹುಣಸೆ ಸೌದೆಯ ಕೆಂಡಕ್ಕೆ ಜೋಳದ ಬೆಂಡು ಹಾಕಿ ಬಿಟ್ಟರೆ ಉರಿಯೇಳದೆ ಬರೀ ಹೊಗೆಯಾಡುತ್ತಿತ್ತು. ಬಾಡಿನ ನೆಣ ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯನ್ನು ಕುಡಿದ ಕಾಯಿಗೆ ಹುಳ ಬೀಳುವುದಿಲ್ಲ, ಅದರ ರುಚಿಯೂ ಬೇರೆ. ಆನೆ ದಾರಿಗಿಳಿದು ತಾಳವಾಡಿ ಸಂತೆಗೆ ಹೋಗಲಾಗದ ದಿನಗಳಲ್ಲಿ ಇಡೀ ಮನೆ ಅದರಲ್ಲೇ ಉಣ್ಣುತ್ತಿತ್ತು. ಅವಳ ಗಂಡ ಮಹಾದೇವನಂತೂ ಕಂಡಕಂಡವರ ಹತ್ತಿರ, “ನನ್ ಎಂಡ್ರು ಒಗೆ ಕೊಟ್ರ ಚಪ್ಲಿನೂ ತಿನ್ಬೋದು ಕಣ್ರಪ್ಪ” ಎಂದು ಜಂಬ ಕೊಚ್ಚುತ್ತಿದ್ದ.

ಸೊಸೆಗೆಂದು ಪುಟ್ಟಮಾದಮ್ಮ ಬೇರೆಯೇ ಏರ್ಪಾಟು ಮಾಡಿದಳು. ಮನೆಯೊಳಗೆ ಬಚ್ಚಲಿನ ನೀರೊಲೆಯ ಮೇಲೆ ಒಂದು ಹಗ್ಗ ಎಳೆದು, ಅವಳ ಪಾಲಿನ ಕಾಯಿಗಳನ್ನು ಅಲ್ಲಿ ಕಟ್ಟಿದಳು. ಒಲೆಮನೆಗೆ ಕಾಲಿಟ್ಟರೆ ಸ್ನಾನ ಮಾಡಿಯೇ ಅವಳ ಅಡುಗೆಗೆ ಕೈ ಹಚ್ಚುತ್ತಿದ್ದಳು. ರಂಜಿತ ಹಿತ್ತಲ ಆ ಮೂಲೆಗೆ ಒಮ್ಮೆಯೂ ಹೋದವಳಲ್ಲ. ಹೀಗೆ ಒಂದು ವರ್ಷ ಸುಖವಾಗಿಯೇ ಕಳೆಯಿತು.

ಆಮೇಲೆ ರಂಜಿತ ಬಸುರಿಯಾದಳು. ಮೂರು ತಿಂಗಳಿಗೆ ನಿಲ್ಲಬೇಕಿದ್ದ ವಾಂತಿ ಐದು ತುಂಬಿದರೂ ನಿಲ್ಲಲಿಲ್ಲ. ರಾಗಿಹಿಟ್ಟಿನ ಮುದ್ದೆ ಸೇರದು, ಅನ್ನ ಸೇರದು, ಗಂಜಿ ಕುಡಿದರೆ ಬಚ್ಚಲಿಗೆ ಹೋಗುವಷ್ಟರಲ್ಲಿ ಆಚೆಗೆ. ಕಣ್ಣು ಗುಳಿಬಿದ್ದವು, ಬಳೆ ಮೊಣಕೈಗೆ ಜಾರಿದವು. ಊರಿಗೆ ಬರುವ ನರ್ಸಮ್ಮ ತೂಕ ನೋಡಿ ಮುಖ ಸಿಂಡರಿಸಿದಳು.

“ಕೂಸು ಬೆಳೀತಾನೇ ಇಲ್ಲ. ಹಿಂಗೇ ಆದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಾಯ್ತದೆ. ಅವರವ್ವನ ಮನೆಗಾದ್ರೂ ಕಳಿಸಿ, ಅಲ್ಲಿ ಬಾಯಿಗೆ ರುಚಿಯಾಗಿ ತಿಂದಾಳು.”

ಅವ್ವನ ಮನೆ ಇದ್ದದ್ದು ತಿಗನಾರೆಯಲ್ಲಿ, ಬಸ್ಸು ಹತ್ತಿದರೆ ಬೆಳಗಿನ ಕಾಫಿ ಅಲ್ಲೇ ಕುಡಿಯಬಹುದಾದಷ್ಟು ಹತ್ತಿರ. ಆದರೆ ಅಪ್ಪ ಜಡೇಸ್ವಾಮಿ, “ನನ್ಗ ಒಬ್ನೇ ಮಗ, ಮಗಳಿಲ್ಲ” ಎಂದು ಪಂಚಾಯ್ತಿ ಕಟ್ಟೆಯ ಮೇಲೆ ಹೇಳಿದವನು. ರಂಜಿತಳ ಗಂಡ ಮನೋಹರ ಗೂಡ್ಸ್ ಆಟೋದಲ್ಲಿ ಕೋಸು ತುಂಬಿಕೊಂಡು ಮಾವನ ಮನೆಯ ಮುಂದೆಯೇ ಹೋದರೂ ಹಾರನ್ ಹೊಡೆಯುತ್ತಿರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ರಂಜಿತಳಿಗೆ ಆಸೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಸ್ಸು ನಿಂತ ಸದ್ದಾದರೆ ಬಾಗಿಲ ಕಡೆ ನೋಡುತ್ತಿದ್ದಳು, ಅಷ್ಟೆ. ಅದನ್ನು ಕಂಡು ಪುಟ್ಟಮಾದಮ್ಮ ತವರಿನ ಬಾಗಿಲು ತೆರೆಯಲೆಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು.

ಅವತ್ತು ಊಟಕ್ಕೆ ಕುಳಿತಾಗ ಮನೋಹರ ತಟ್ಟೆ ದೂಡಿದ.

“ಅವ್ವ, ಆ ಒಲೆಮನೆ ಒಗೆಯಿಂದಾನೇ ಇವ್ಳಿಗ ಇಂಗಾಗ್ತಿರೋದು. ಕೆಡುಗ್ಬುಡು ಅದ.”

“ಕೆಡುಗ್ಬುಟ್ಟು ಏನ್ಲಾ ಉಣ್ಣದು, ನಿನ್ ಆಟೋ ಟೈರಾ?” ಎಂದ ಮಹಾದೇವ.

“ನಿಂಗ ನಿನ್ ನಾಲ್ಗ ಚಪಲ ಅಪ್ಪ. ಅವ್ಳ ಒಟ್ಟೇಲಿ ಕೂಸದ.”

“ನೀ ನಿಮ್ಮವ್ವನ ಒಟ್ಟೇಲಿದ್ದಾಗ್ಲೂ ಇದೇ ಒಗೆ ಕಣ್ಲಾ. ಈಗೇನ್ ಆಗದ ನಿಂಗ? ಕಂಬ ಇದ್ದಂಗ ಇದ್ದಯ್.”

“ಮಾವ, ಒಗೆ ಏನೂ ಮಾಡ್ನಿಲ್ಲ ನಂಗ,” ಎಂದಳು ರಂಜಿತ ಗೋಡೆಗೊರಗಿ. “ಏನೂ ಸೇರದಿಲ್ಲ, ಅಷ್ಟೆಯ. ನನ್ನಿಂದ ಜಗಳ ಬ್ಯಾಡಿ.”

“ಅತ್ಗೆ ಅಳ್ತವ್ರ. ಇಬ್ರೂ ಬಾಯ್ಮುಚ್ಚಿ ಉಣ್ಣಿ,” ಎಂದು ಗದರಿದಳು ಮನೋಹರನ ತಂಗಿ ಮೇಘ. ಪ್ಲಸ್ ಟೂ ಓದುವ ಹುಡುಗಿ, ಮನೆಯಲ್ಲಿ ಗಂಡಸರನ್ನು ಗದರುವ ಹಕ್ಕು ಅವಳದೊಬ್ಬಳದೇ.

ಪುಟ್ಟಮಾದಮ್ಮ ಎದ್ದು ಹೋಗಿ ಒಲೆಮನೆಯ ಕೆಂಡಕ್ಕೆ ನೀರು ಸುರಿದಳು. ಗಳದಲ್ಲಿದ್ದ ಕಾಯಿಯ ಸರಗಳನ್ನು ಇಳಿಸಿ ಮಂಕರಿಯಲ್ಲಿಟ್ಟು ಅಲ್ಲೇ ಮುಚ್ಚಿದಳು. ಮಹಾದೇವ ದಿನವೂ ಹುರುಳಿ ಸಾರು ಸುರಿದುಕೊಂಡು, “ಎತ್ತಿಗಾಕದು ಎತ್ತಿನಂತವ್ನಿಗೂ ಆಕು” ಎಂದು ಗೊಣಗುತ್ತ ಉಂಡ.

ಒಲೆ ಆರಿದರೂ ವಾಂತಿ ನಿಲ್ಲಲಿಲ್ಲ. ಪುಟ್ಟಮಾದಮ್ಮ ನೀರೊಲೆಯ ಮೇಲೆ ಒಣಗಿಸಿದ ಬದನೆಕಾಯಿಯನ್ನು ಹುರಿದು, ಹುಣಸೆಹಣ್ಣು ಒಣಮೆಣಸಿನಕಾಯಿ ಇಟ್ಟು ಗೊಜ್ಜು ಮಾಡಿಕೊಟ್ಟಳು. ಅದೂ ಬೇಡವಾಯಿತು. ಹರಕೆ ಕಟ್ಟಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು.

ಒಂದು ದಿನ ಪುಟ್ಟಮಾದಮ್ಮ ಹೊಲದಿಂದ ಬರುವಷ್ಟರಲ್ಲಿ ಮೇಘ ಜಗಲಿಯಲ್ಲೇ ಕಾಯುತ್ತಿದ್ದಳು.

“ಅವ್ವ, ಅತ್ಗೆ ಉಂಡ್ರು! ಒಂದ್ ಇಟ್ಟು ಪೂರ್ತಿ. ತಟ್ಟೆ ನೋಡು, ನೆಕ್ಬುಟ್ಟವ್ರ.”

ಪುಟ್ಟಮಾದಮ್ಮ ತಲೆಯ ಮೇಲಿನ ಹುಲ್ಲುಹೊರೆ ಇಳಿಸುವುದನ್ನೂ ಮರೆತು ಒಳಗೆ ಓಡಿದಳು. ರಂಜಿತ ನಿದ್ದೆ ಹೋಗಿದ್ದಳು, ಮುಖದಲ್ಲಿ ಬೆವರೊಡೆದಿತ್ತು. ಎಷ್ಟೋ ವಾರಗಳ ಮೇಲೆ ಉಂಡವರ ನಿದ್ದೆ ಅದು.

“ಏನ ಮಾಡ್ಕೊಟ್ಟೆ ಮಗ?”

“ಬದ್ನೆಕಾಯಿ ಗೊಜ್ಜೇ. ನೀರೊಲೆ ಮ್ಯಾಲಿಂದು ಮುಗ್ದೋಗಿತ್ತು. ಒಲೆಮನೆ ಮಂಕ್ರಿಯಿಂದ ತಂದೆ.”

ಪುಟ್ಟಮಾದಮ್ಮನ ಕೈಯಲ್ಲಿದ್ದ ಕುಡುಗೋಲು ಕೆಳಗೆ ಬಿತ್ತು.

“ಅಯ್ಯೋ ಮುಂಡೇದೇ, ಅದು ಬಾಡಿನ ಮ್ಯಾಲ ಕಟ್ಟಿದ್ದು.”

“ಅದ್ಕೇನ? ಕಾಯಿ ಕಾಯೇ ಅಲ್ವಾ? ಬಾಡ ತಿಂದ್ರಾ ಅವ್ರು?”

“ಅವ್ಳಿಗ ಏಳ್ದಾ?”

“ಇಲ್ಲ. ಅವ್ರು ಕೇಳ್ನಿಲ್ಲ.”

“ಏಳ್ಬ್ಯಾಡ,” ಎಂದಳು ಪುಟ್ಟಮಾದಮ್ಮ. ಅಷ್ಟು ಹೇಳಿ ಬಾಗಿಲಲ್ಲೇ ಕುಕ್ಕರಿಸಿದಳು.

ಮಾರನೆಯ ದಿನ ನೀರೊಲೆಯ ಮೇಲೆ ಹೊಸ ಸರ ಕಟ್ಟಿ, ಒಣಗಿದ ಮೇಲೆ ಅದರಲ್ಲೇ ಗೊಜ್ಜು ಮಾಡಿಕೊಟ್ಟಳು. ರಂಜಿತ ಎರಡು ತುತ್ತಿಗೆ ಕೈತೊಳೆದಳು.

“ಮೇಘ ಮಾಡಿದ್ದಂಗ ಬರ್ನಿಲ್ಲ ಅತ್ತಮ್ಮ. ಅದೇನೋ ಬಾಯಿಗೆ ಇಡುಸ್ತು. ಬೇಜಾರ್ ಮಾಡ್ಕಬ್ಯಾಡಿ.”

ಒಂದು ವಾರ ಪುಟ್ಟಮಾದಮ್ಮ ತಡೆದಳು. ಆ ವಾರದಲ್ಲಿ ರಂಜಿತ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಎತ್ತಿ ಹಾಸಿಗೆಗೆ ಹಾಕುವಾಗ ಅವಳು ಕೈಗೆ ಹೊರೆಯೇ ಅನ್ನಿಸಲಿಲ್ಲ. ಅದರ ಮರುದಿನ ಕೆಳಗಿನ ಬೀದಿಯವರು ಮರಿ ಕುಯ್ದರು. ಪುಟ್ಟಮಾದಮ್ಮ ಹೋಗಿ ಒಂದು ಪಾಲು ತಂದಳು, ಒಲೆಮನೆಯ ಒಲೆ ಹೊತ್ತಿಸಿದಳು.

ಮಹಾದೇವ ಹೊಗೆ ಕಂಡು ಹಲ್ಲುಗಿಂಜಿಕೊಂಡು ಬಂದ. ಕೆಳಗಿನ ಗಳದಲ್ಲಿ ಬಾಡು. ಮೇಲಿನ ಗಳ ಬಾಗುವಷ್ಟು ಬದನೆಕಾಯಿ. ಅವನ ನಗು ಇಳಿಯಿತು.

“ಅಷ್ಟೊಂದು ಕಾಯಿ ಯಾರ್ಗ?”

ಪುಟ್ಟಮಾದಮ್ಮ ಬೆಂಡು ಸರಿಮಾಡುತ್ತಲೇ ಇದ್ದಳು.

“ಲೇ ಅಮ್ಮಿ, ಆ ಕೂಸು ಲಿಂಗ ಕಟ್ಟಿದ್ದು ಕಣ. ಮಾತು ಕೊಟ್ಟೋಳು ನೀನು.”

“ನಂಗ ಗೊತ್ತಿಲ್ವಾ?”

“ಗೊತ್ತಿದ್ರ ಏಳ್ಬುಡು ಅವ್ಳಿಗ. ತಿನ್ನದು ಬುಡದು ಅವ್ಳಿಗ ಸೇರಿದ್ದು.”

“ಏಳುದ್ರ ತಿನ್ನದಿಲ್ಲ. ತಿನ್ದೆ ಇದ್ರ ಎರಡು ಜೀವ ಓಯ್ತವ. ನೀ ಓಗಿ ನರ್ಸಮ್ಮನ ಮುಂದ ಕೈ ಕಟ್ಕ ನಿಂತ್ಕತೀಯಾ?” ಪುಟ್ಟಮಾದಮ್ಮನ ಕಣ್ಣಲ್ಲಿ ನೀರಿತ್ತು, ಹೊಗೆಯದೋ ಅಲ್ಲವೋ. “ಕಾಯಿ ಕಾಯೇ. ಬಾಡಲ್ಲ.”

“ಅಂಗಾದ್ರ ಯಾಕ ಮುಚ್ಕಂಡು ಮಾಡ್ತಿದ್ದಯ್?”

ಅವಳು ಇನ್ನೊಂದು ಹಿಡಿ ಬೆಂಡನ್ನು ಕೆಂಡಕ್ಕೆ ಹಾಕಿದಳು. ಮಹಾದೇವ ಬೀಡಿ ಹಚ್ಚಿಕೊಂಡು ಹೊಲದ ಕಡೆ ಹೋದ. ಆಮೇಲೆ ಆ ವಿಷಯ ಎತ್ತಲಿಲ್ಲ, ಒಲೆಮನೆಯ ಬಾಡನ್ನೂ ಕೇಳಲಿಲ್ಲ.

ರಂಜಿತ ಉಂಡಳು. ಬೆಳಿಗ್ಗೆ ಉಂಡಳು, ಮಧ್ಯಾಹ್ನ ಉಂಡಳು, ರಾತ್ರಿ ಕೇಳಿ ಹಾಕಿಸಿಕೊಂಡು ಉಂಡಳು. ಅದನ್ನು ಕಂಡ ಮೇಲೆ ಮನೋಹರನೂ ಹೊಗೆಯ ಮಾತೆತ್ತಲಿಲ್ಲ. ಕೆನ್ನೆ ತುಂಬಿತು, ಬಳೆ ಮುಂಗೈಯಲ್ಲಿ ನಿಂತವು. ಬೆನ್ನು ಒತ್ತಿಸಿಕೊಳ್ಳುತ್ತ ಕೂತು, “ಅತ್ತಮ್ಮ, ಕೂಸು ಒದೀತದ, ಕೈ ಇಟ್ನೋಡಿ” ಎಂದು ಅತ್ತೆಯ ಕೈಯನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಪುಟ್ಟಮಾದಮ್ಮನಿಗೆ ಆಗ ಸಂತೋಷವಾಗುತ್ತಿತ್ತು. ಸಂತೋಷದ ಬೆನ್ನಿಗೇ ಕೊಟ್ಟ ಮಾತು ನೆನಪಾಗುತ್ತಿತ್ತು. ಇನ್ನೊಂದು ತಿಂಗಳು ಕಳೆಯಲಿ, ಹೆರಿಗೆಯೊಂದು ಆಗಲಿ, ಆಮೇಲೆ ಕಾಲು ಹಿಡಿದಾದರೂ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದಳು.

ನರ್ಸಮ್ಮ ತೂಕ ನೋಡಿ ಈ ಸಲ ನಕ್ಕಳು. ತಿಗನಾರೆಗೂ ಹೋಗಿಬರುವ ಹೆಂಗಸು. ಜಡೇಸ್ವಾಮಿಯ ಹೆಂಡತಿ ಶಿವಮಲ್ಲಮ್ಮನ ಮುಂದೆ, “ಸಾಯೋ ನಿಮ್ಮ ಮಗಳನ್ನ ಬದುಕಿಸವ್ರೆ ಕಣ್ರಮ್ಮ ಅವರತ್ತೆ” ಎಂದು ಹೇಳಿದಳಂತೆ. ಆ ರಾತ್ರಿ ಶಿವಮಲ್ಲಮ್ಮ ಗಂಡನಿಗೆ ಬಡಿಸದೆ ಮಲಗಿದಳಂತೆ. ಹೆಂಗಸು ಹಟ ಹಿಡಿದರೆ ಕಲ್ಲೂ ಕರಗಬೇಕು. ಜಡೇಸ್ವಾಮಿ ಕರಗಲಿಲ್ಲ, ಆದರೆ “ಏನಾದ್ರೂ ಮಾಡ್ಕ ಓಗು” ಎಂದನಂತೆ.

ಅಂತೂ ಒಂದು ಸೋಮವಾರ ಮನೆಯ ಮುಂದೆ ಕಾರು ನಿಂತಿತು. ರಂಜಿತಳ ಅಣ್ಣ ವೃಷಭೇಂದ್ರ ಇಳಿಯದೆ ಸ್ಟೀರಿಂಗ್ ಹಿಡಿದೇ ಕೂತ. ಹಣೆ ತುಂಬ ವಿಭೂತಿ ಧರಿಸಿದ್ದ ಶಿವಮಲ್ಲಮ್ಮ ಇಳಿದು, ಮನೆಯಿಂದ ತಂದ ನೀರಿನ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಮಗಳು ಓಡಿ ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಇಬ್ಬರೂ ಅತ್ತರು. ಮೇಘಳೂ ಅತ್ತಳು. ಮಹಾದೇವ ಕಣ್ಣಿಗೆ ಕಸ ಬಿತ್ತೆಂದು ಆಚೆಗೆ ಹೋದ.

ಶಿವಮಲ್ಲಮ್ಮ ಮಗಳ ಕೈಕಾಲು, ಕೆನ್ನೆ ಎಲ್ಲವನ್ನೂ ಸವರಿ ನೋಡಿದಳು. ಆಮೇಲೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು.

“ಬೀಗ್ತಮ್ಮಾರೆ, ನಾ ಏನೂ ಮುಟ್ಬಾರ್ದು ಅಂತ ಬಂದಿದ್ದಿ. ನನ್ ಮಗಳ ಇಂಗ ಸಾಕಿರೋ ಕೈಯಿಂದ ಒಂದ್ ತುತ್ತು ಉಣ್ದೆ ಓದ್ರ ಶಿವ ಮೆಚ್ಚದಿಲ್ಲ. ಇಕ್ಕಿ. ಉಂಡೇ ಮಗಳ ಕರ್ಕ ಓಯ್ತಿನಿ. ಬಾಣಂತನ ನಮ್ ಮನೇಲೇ ಆಗ್ಲಿ.”

ಪುಟ್ಟಮಾದಮ್ಮ ಏನು ಬೇಡಿಕೊಂಡಿದ್ದಳೋ ಅದೆಲ್ಲ ಒಂದೇ ಮಾತಿನಲ್ಲಿ ಬಂದು ಮನೆಯೊಳಗೆ ಕೂತಿತ್ತು.

“ಅಮ್ಮಾರೆ, ಇಟ್ಟು ಗಿಟ್ಟು ಬ್ಯಾಡಿ. ಬಾಳೆಅಣ್ಣದ, ಆಲದ...”

“ಯಾಕ, ನಿಮ್ ಮನೆ ಇಟ್ಟು ನಂಗ ದಕ್ಕದಿಲ್ವಾ? ಆ ಕಾಲ ಓಯ್ತು ಬುಡಿ.”

“ಅವ್ವ, ನೀ ಕೂತ್ಕ, ನಾ ತತ್ತಿನಿ,” ಎಂದು ರಂಜಿತ ಆಗಲೇ ಎದ್ದಿದ್ದಳು. ಹಿಟ್ಟು ಬಿಸಿಯಾಗಿತ್ತು. ಅವಳು ಬದನೆಕಾಯಿಯನ್ನು ಹುರಿದು ಒರಳಲ್ಲಿ ಕುಟ್ಟುತ್ತ ಅಲ್ಲಿಂದಲೇ ಕೂಗಿ ಹೇಳಿದಳು: “ಇದ ತಿಂದೇ ಅವ್ವ ನಾ ಬದ್ಕಿರೋದು. ಅತ್ತಮ್ಮ ನಂಗಾಗೇ ಬ್ಯಾರೆ ಒಲೆ ಮ್ಯಾಲ ಕಟ್ತರ. ಬಾಡಿನ ಗಾಳಿನೂ ಸೋಕ್ಸಿಲ್ಲ ನಂಗ ಇವತ್ತಿನ್ಗಂಟ.”

ಶಿವಮಲ್ಲಮ್ಮ ಪುಟ್ಟಮಾದಮ್ಮನ ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಳ್ಳಲೂ ಆಗದೆ ಪುಟ್ಟಮಾದಮ್ಮ ಹಾಗೇ ಕೂತಳು.

ತಟ್ಟೆ ಬಂತು. ಶಿವಮಲ್ಲಮ್ಮ ಎದೆಯ ಲಿಂಗಕ್ಕೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದಳು. ತುತ್ತು ಮುರಿದು ಗೊಜ್ಜಿಗೆ ಅದ್ದಿದಳು. ಬಾಗಿಲಲ್ಲಿ ನಿಂತಿದ್ದ ಮಹಾದೇವ ಹೆಂಡತಿಯ ಮುಖವನ್ನೇ ನೋಡಿದ. ಪುಟ್ಟಮಾದಮ್ಮ ತಟ್ಟನೆ ಎದ್ದು ತಟ್ಟೆಯನ್ನು ಎಳೆದುಕೊಂಡಳು, ಬೀಗತಿಯ ಕೈಯಲ್ಲಿದ್ದ ತುತ್ತನ್ನೂ ಕಿತ್ತುಕೊಂಡಳು.

“ಜಿರಲೆ! ಜಿರಲೆ ಬಿದ್ದದ ಅಮ್ಮಾರೆ!”

ತಟ್ಟೆ ಸಮೇತ ಅಂಗಳಕ್ಕೆ ಎಸೆದಳು. ಕೋಳಿಗಳು ಓಡಿ ಬಂದವು.

“ಈಗ ತಾನೇ ಕುಟ್ಟಿದ್ದು ಅತ್ತಮ್ಮ,” ಎಂದಳು ರಂಜಿತ. “ಎಲ್ಲದ ಜಿರಲೆ?”

“ನಾ ಕಂಡಿ ಕಣವ್ವ.”

“ಎಲ್ಲಿ?”

ಪುಟ್ಟಮಾದಮ್ಮ ಸೊಸೆಯ ಕಣ್ಣು ತಪ್ಪಿಸಿ ನೆಲ ನೋಡಿದಳು. ಶಿವಮಲ್ಲಮ್ಮ ಪೆಚ್ಚಾಗಿ ಕೈ ಒರೆಸಿಕೊಂಡು, “ಓಗ್ಲಿ ಬುಡಿ, ನಮ್ಗ ಇವತ್ತು ಋಣ ಇಲ್ಲ. ಬಾಳೆಅಣ್ಣೇ ಕೊಡಿ. ಓಗ್ ಮಗ, ಬಟ್ಟೆ ತುಂಬ್ಕ” ಎಂದಳು.

ರಂಜಿತ ಬಟ್ಟೆ ತುಂಬಿಕೊಳ್ಳಲು ಹೋಗಲಿಲ್ಲ. ಹಿತ್ತಲ ಬಾಗಿಲು ತೆಗೆದು, ಮದುವೆಯಾಗಿ ಬಂದಂದಿನಿಂದ ಹೋಗದ ಕಡೆಗೆ ಹೋದಳು. ಪುಟ್ಟಮಾದಮ್ಮ ಹಿಂದೆಯೇ ಓಡಿದಳು. ಒಲೆ ಹೊಗೆಯಾಡುತ್ತಿತ್ತು. ಬಾಡಿನ ನೆಣ ಕೆಂಡದ ಮೇಲೆ ಬಿದ್ದು ಚುಯ್ಯೆಂದಿತು. ರಂಜಿತ ತಲೆಯೆತ್ತಿ ಮೇಲಿನ ಗಳದ ಸರವನ್ನು ಮುಟ್ಟಿದಳು, ಬೆರಳು ಮೂಸಿದಳು.

“ನಾ ತಿಂದದ್ದೂ ಇದೇಯಾ?”

“ಊ ಕಣವ್ವ.”

“ಎಲ್ಲ ದಿನವೂನಾ?”

“ನೀ ಏನೂ ತಿಂತಿರ್ನಿಲ್ಲ ಮಗ. ಕೂಸು ಒಣಗೋಯ್ತಿತ್ತು. ನಾ ಏನ ಮಾಡ್ಲಿ?”

ರಂಜಿತ ಅಳಲಿಲ್ಲ, ಕೂಗಾಡಲಿಲ್ಲ. ಹಾಗೆ ಮಾಡಿದ್ದರೆ ಪುಟ್ಟಮಾದಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಮ್ಮವ್ವ ತಿನ್ಬಾರ್ದು ಅಂತ ಬಾಯ್ತುತ್ತು ಕಿತ್ತಾಕುದ್ರಿ. ನಾ ತಿನ್ನೋವಾಗ ಪಕ್ದಲ್ಲೇ ಕೂತಿರ್ತಿದ್ರಲ್ಲ.”

“ಅವ್ರು ಬ್ಯಾರೆಯವ್ರು ಕೂಸೆ. ನೀ ನಮ್ಮೋಳು ಅಂತ...”

“ನಮ್ಮೋಳಾಗಿದ್ರ ಒಂದ್ ಮಾತು ಕೇಳ್ತಿದ್ರಿ,” ಎಂದಳು ರಂಜಿತ. “ಕೇಳಿದ್ರ ತಿಂತಿದ್ನೋ ಏನೋ. ಜೀವಕ್ಕಿಂತ ದೊಡ್ದಾ?”

ಅವಳು ಮೈ ತೊಳೆದುಕೊಂಡು, ಬೇರೆ ಸೀರೆ ಉಟ್ಟು ಬಂದಳು. ಅತ್ತೆ ಮಾವನ ಕಾಲಿಗೆ ಬಗ್ಗಲಾರದೆ ಬಗ್ಗಿ ನಮಸ್ಕಾರ ಮಾಡಿದಳು. “ಯಾಕ ಮಗ ಮುಖ ಇಂಗಾಗದ?” ಎಂದು ಅವ್ವ ಕೇಳಿದ್ದಕ್ಕೆ, “ವಾಕರಿಕೆ ಕಣವ್ವ” ಎಂದಳು. ಒಂದು ಮಾತೂ ಬಿಟ್ಟುಕೊಡಲಿಲ್ಲ. ಕಾರು ಹೊರಟಿತು.

ಸಂಜೆ ಲೋಡು ಇಳಿಸಿ ಬಂದ ಮನೋಹರ ಸುದ್ದಿ ಕೇಳಿ ಕುಣಿದಾಡಿದ. “ಅವ್ವ, ನಿನ್ ಕೈ ಬಂಗಾರ ಕಣ. ಮಾವನ ಮನೆ ಬಾಗ್ಲ ತೆಗ್ಸುಬುಟ್ಟೆ!” ಪುಟ್ಟಮಾದಮ್ಮ ಅವನಿಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಮಾರನೆಯ ದಿನ ಒಲೆಮನೆಯ ಎರಡೂ ಗಳಗಳನ್ನು ಕಿತ್ತಳು.

ಮನೋಹರ ತಿಗನಾರೆಗೆ ಹೋಗಿಬರತೊಡಗಿದ. ಮಾವ ಮಾತಾಡುವುದಿಲ್ಲ, ಆದರೆ ಕುರ್ಚಿ ತೋರಿಸುತ್ತಾನೆ ಎಂದ. ರಂಜಿತ ಹೇಗಿದ್ದಾಳೆ ಎಂದರೆ, “ಚೆಂದಾಗವ್ಳೆ, ಮಾತು ಕಮ್ಮಿ” ಎಂದ. ಪುಟ್ಟಮಾದಮ್ಮ ಫೋನ್ ಮಾಡಿಸಿದಾಗಲೆಲ್ಲ ಅವಳು ಮಲಗಿರುತ್ತಿದ್ದಳು, ಇಲ್ಲವೇ ಸ್ನಾನಕ್ಕೆ ಹೋಗಿರುತ್ತಿದ್ದಳು.

ಎಲ್ಲರೂ ಉಣ್ಣಲು ಕೂತಿದ್ದ ಒಂದು ದಿನ ಆ ಕಡೆಯಿಂದಲೇ ಫೋನ್ ಬಂತು. ಮೇಘ ಸ್ಪೀಕರ್ ಹಾಕಿ ಅವ್ವನ ಮುಂದಿಟ್ಟಳು.

“ಬೀಗ್ತಮ್ಮಾರೆ, ನಾನು ಶಿವಮಲ್ಲಮ್ಮ. ಏನ ಮಾಡಿಕ್ಕುದ್ರೂ ತಿನ್ನದಿಲ್ಲ ಕಣವ್ವ ಈ ಎಣ್ಣು. ಮತ್ತ ವಾಂತಿ. ಮೈ ಇಳ್ದೋಗದ. ನಿಮ್ ಮನೆ ಒಗೆ ಬದ್ನೆಕಾಯಿ ತಿಂತಿದ್ಲಲ್ಲ, ನಾವೂ ನೀರೊಲೆ ಮ್ಯಾಲ ಕಟ್ಟಿ ಮಾಡ್ದೊ. ಬಾಯಿಗಿಟ್ಟು ಉಗುದ್ಲು. ಅದ್ಕ ಏನ್ ಆಕ್ತಿದ್ರಿ? ಏಳಿ, ನಾ ಅಂಗೇ ಮಾಡ್ತಿನಿ.”

ಪುಟ್ಟಮಾದಮ್ಮ ಫೋನಿನ ಕಡೆ ನೋಡಿದಳು.

“ಯಾರವ್ವ ಫೋನಲ್ಲಿ?” ದೂರದಿಂದ ರಂಜಿತಳ ದನಿ ಕೇಳಿಸಿತು.

“ನಿಮ್ಮತ್ತ ಕಣ. ಮಾತಾಡ್ತೀಯಾ?”

ಆ ಕಡೆ ಬಾಗಿಲು ಮುಚ್ಚಿದ ಸದ್ದು.

“ಒಳಕೋದ್ಲು. ಓಗ್ಲಿ, ನೀವ್ ಏಳಿ. ಏನ್ ಆಕ್ತಿದ್ರಿ?”

ಮನೋಹರ ತುತ್ತು ಕೈಯಲ್ಲೇ ಹಿಡಿದು, “ಏಳವ್ವ, ಏನ್ ಯೋಚ್ನೆ ಮಾಡ್ತಿದ್ದಯ್?” ಎಂದ. ಮೇಘ ತಲೆ ತಗ್ಗಿಸಿದಳು. ಮಹಾದೇವ ತಟ್ಟೆ ಬಿಟ್ಟು ಎದ್ದು ಹೋದ.

“ಉಪ್ಪು ಕಣಮ್ಮಾರೆ,” ಎಂದಳು ಪುಟ್ಟಮಾದಮ್ಮ. “ಚೂರು ಅರಿಸ್ನ.”

“ಅಷ್ಟೆಯಾ?”

“ಊ, ಅಷ್ಟೆಯ.”

“ನಾವೂ ಅದೇ ಆಕಿದ್ದು,” ಎಂದಳು ಶಿವಮಲ್ಲಮ್ಮ.